ನಿಸರ್ಗದ ನೋಟಕ್ಕೂ ರಂಗದ ಪರದೆಗೂ ಇಂಗ್ಲಿಷ್ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಟ್ಟ, ಕಾಡು, ಹೊಳೆಗಳನ್ನು ಇಂಗ್ಲಿಷ್‌ನಲ್ಲಿ ಬಣ್ಣಿಸಲು ಹೊರಟವರು ಕೆಲವರು. ನಾಟಕದ ಹಿನ್ನೆಲೆ ಪರದೆಯ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆಯಬೇಕಾದವರು ಇನ್ನು ಕೆಲವರು. ಮಾತಿನಲ್ಲೂ ಪತ್ರಗಳಲ್ಲೂ ಇಬ್ಬರೂ ಕೇಳುವುದು ಹೆಚ್ಚು ಕಡಿಮೆ ಒಂದೇ ಪದಗಳ ಬಗ್ಗೆ. ಈ ಪದಗಳಲ್ಲಿ ಮುಖ್ಯವಾದವು ರಂಗದಿಂದಲೋ ಚಿತ್ರಕಲೆಯಿಂದಲೋ ಬಂದವು. ಹಾಗಾಗಿ ಅವುಗಳ ಒಳಗೆ ನೋಡುವವರೊಬ್ಬರು ಯಾವಾಗಲೂ ಇರುತ್ತಾರೆ. ಅವರು ಎಲ್ಲಿ ನಿಂತು ನೋಡುತ್ತಿದ್ದಾರೆ ಎಂದು ಮೊದಲು ಗೊತ್ತುಮಾಡಿಕೊಂಡರೆ ಸರಿಯಾದ ಪದ ಬೇಗ ಸಿಗುತ್ತದೆ. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದು ನೆನಪಿರಲಿ.

## ಮೊದಲ ಗೊಂದಲಗಳು

ಸೀನ್, ಸೀನರಿ ಎರಡೂ ಒಂದೇನಾ?

ಅಲ್ಲ. ಸೀನ್ ಅಂದರೆ ಕಣ್ಣೆದುರು ನಡೆಯುತ್ತಿರುವ ಒಂದು ದೃಶ್ಯ. ಅದರಲ್ಲಿ ಜನ ಇರಬಹುದು, ಏನೋ ಒಂದು ಘಟನೆ ನಡೆಯುತ್ತಿರಬಹುದು. ಸಂತೆಯ ಗಲಾಟೆ ಒಂದು ಸೀನ್, ಅಪಘಾತವಾದ ಜಾಗವೂ ಸೀನ್, ನಾಟಕದ ಅಂಕದೊಳಗಿನ ಭಾಗವೂ ಸೀನ್. ಸೀನರಿಯಲ್ಲಿ ಘಟನೆ ಇಲ್ಲ. ಅದು ಒಂದು ಪ್ರದೇಶದ ಒಟ್ಟು ನೈಸರ್ಗಿಕ ಚೆಲುವು. ರಂಗದ ಮೇಲಾದರೆ ನಟರ ಸುತ್ತ ಜೋಡಿಸಿದ ಪರದೆ, ಚೌಕಟ್ಟು, ಕೃತಕ ಮರಗಳೆಲ್ಲ ಸೇರಿ ಸೀನರಿ.

ಬೆಟ್ಟದ ಸಾಲು ಸೀನರಿ. ಆ ಬೆಟ್ಟದ ಮುಂದೆ ಕುರಿ ಕಾಯುವ ಹುಡುಗ ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದರೆ ಅದು ಸೀನ್.

"ಸೀನರೀಸ್" ಅಂತ ಬರೆದಾಗಲೆಲ್ಲ ತಿದ್ದುತ್ತಾರೆ. ಏನು ತಪ್ಪು?

ಸೀನರಿ ಎಣಿಸಲಾಗದ ನಾಮಪದ. ವಾಟರ್, ಫರ್ನಿಚರ್ ಇದ್ದ ಹಾಗೆ. ಆದ್ದರಿಂದ ಅದಕ್ಕೆ ಬಹುವಚನ ಇಲ್ಲ, ಅದಕ್ಕೆ ಮೊದಲು "ಎ" ಕೂಡ ಬರುವುದಿಲ್ಲ. "ಎ ಬ್ಯೂಟಿಫುಲ್ ಸೀನರಿ" ತಪ್ಪು, "ಬ್ಯೂಟಿಫುಲ್ ಸೀನರಿ" ಸರಿ.

ನಮಗೆ ಈ ತಪ್ಪು ಸುಲಭವಾಗಿ ಬರುವುದಕ್ಕೆ ಕಾರಣ ಇದೆ. "ಒಂದು ಸೀನರಿ ಬಿಡಿಸು" ಎಂದು ಚಿಕ್ಕಂದಿನಿಂದ ಕೇಳಿರುತ್ತೇವೆ. ಕನ್ನಡಕ್ಕೆ ಬಂದಮೇಲೆ ಸೀನರಿ ಎಣಿಸಬಹುದಾದ ವಸ್ತುವಾಯಿತು, ಒಂದು ಚಿತ್ರವಾಯಿತು. ಕನ್ನಡದಲ್ಲಿ ಮಾತಾಡುವಾಗ ಅದು ಸರಿಯೇ. ಇಂಗ್ಲಿಷ್‌ನಲ್ಲಿ ಬರೆಯುವಾಗ ಮಾತ್ರ ಆ ಚಿತ್ರಕ್ಕೆ ಲ್ಯಾಂಡ್‌ಸ್ಕೇಪ್ ಎನ್ನಬೇಕು. ಎಣಿಸಲೇಬೇಕು ಅನ್ನಿಸಿದರೆ ವ್ಯೂ ಅಥವಾ ಸೀನ್ ಬಳಸಿ. ಎರಡಕ್ಕೂ ಬಹುವಚನ ಉಂಟು.

ವ್ಯೂ ಅಂದ್ರೂ ನೋಟ, ಸೈಟ್ ಅಂದ್ರೂ ನೋಟ. ಯಾವುದನ್ನು ಯಾವಾಗ ಹಾಕೋದು?

ವ್ಯೂ ಒಂದು ಜಾಗಕ್ಕೆ ಕಟ್ಟುಬಿದ್ದ ಪದ. ಕಿಟಕಿಯಿಂದ ಒಂದು ವ್ಯೂ, ತುದಿ ಹತ್ತಿದರೆ ಇನ್ನೊಂದು ವ್ಯೂ. ಅದಕ್ಕೇ ಜೊತೆಯಲ್ಲಿ "ಫ್ರಮ್" ಜಾಸ್ತಿ ಬರುತ್ತದೆ. ಸೈಟ್ (sight) ಕಣ್ಣಿಗೆ ಬಿದ್ದ ವಸ್ತು. ಹಾರುತ್ತಿರುವ ಕೊಕ್ಕರೆಗಳ ಗುಂಪು ಒಂದು ಸೈಟ್. ಪ್ರವಾಸಿಗರು ನೋಡಲೇಬೇಕಾದ ಜಾಗಗಳಿಗೆ "ಸೈಟ್ಸ್" ಎನ್ನುವುದೂ ಇದರಿಂದಲೇ. ಉಚ್ಚಾರಣೆ ಒಂದೇ ಇದ್ದು ಸ್ಪೆಲಿಂಗ್ ಬೇರೆಯಾದ ಇನ್ನೊಂದು ಸೈಟ್ (site) ಇದೆ. ಅದು ನಿವೇಶನ, ಸ್ಥಳ. ಬರೆಯುವಾಗ ಅಷ್ಟು ಎಚ್ಚರ ಸಾಕು.

ಲ್ಯಾಂಡ್‌ಸ್ಕೇಪ್ ಅಂದ್ರೆ ಚಿತ್ರಾನಾ, ಭೂಮೀನಾ?

ಈಗ ಎರಡೂ. ಆದರೆ ಮೊದಲು ಬಂದದ್ದು ಚಿತ್ರ. ಸುಮಾರು 1600ರ ಹೊತ್ತಿಗೆ ಡಚ್ ಚಿತ್ರಕಾರರ "ಲಾಂಡ್‌ಸ್ಖಾಪ್" ಇಂಗ್ಲಿಷ್‌ಗೆ ಬಂತು. ಆಗ ಅದರ ಅರ್ಥ ಬಯಲು, ಬೆಟ್ಟ, ಮರಗಳನ್ನು ತೋರಿಸುವ ಚಿತ್ರ ಎಂದಷ್ಟೇ. ಆಮೇಲೆ ಚಿತ್ರದ ಹಾಗೆ ಕಾಣುವ ನಿಜವಾದ ನೋಟಕ್ಕೂ, ಕೊನೆಗೆ ನೆಲದ ಸ್ವರೂಪಕ್ಕೂ ಆ ಹೆಸರು ಹರಡಿತು.

ಸೀನರಿ ಅಂದರೆ ಚೆಲುವು ಇರಲೇಬೇಕು. ಲ್ಯಾಂಡ್‌ಸ್ಕೇಪ್‌ಗೆ ಆ ಹಂಗಿಲ್ಲ. ಗಣಿ ಅಗೆದು ಹಾಳಾದ ನೆಲವೂ ಲ್ಯಾಂಡ್‌ಸ್ಕೇಪೇ. ಈ ಪದದ ಬಾಲ ಕತ್ತರಿಸಿ ಇಂಗ್ಲಿಷ್ ಒಂದು ಕುಟುಂಬವನ್ನೇ ಬೆಳೆಸಿದೆ: ಸಮುದ್ರಕ್ಕೆ ಸೀಸ್ಕೇಪ್, ನಗರಕ್ಕೆ ಸಿಟಿಸ್ಕೇಪ್, ಚಂದ್ರನ ಮೇಲಿನಂಥ ಬರಡು ನೆಲಕ್ಕೆ ಮೂನ್‌ಸ್ಕೇಪ್, ಸುತ್ತಲಿನ ಸದ್ದುಗಳಿಗೆ ಸೌಂಡ್‌ಸ್ಕೇಪ್. ಕಾಗದವನ್ನು ಅಡ್ಡ ಇಟ್ಟರೆ ಲ್ಯಾಂಡ್‌ಸ್ಕೇಪ್, ಉದ್ದ ಇಟ್ಟರೆ ಪೋರ್ಟ್ರೇಟ್ ಅನ್ನುತ್ತೇವಲ್ಲ, ಅದೂ ಚಿತ್ರಕಾರರಿಂದ ಬಂದದ್ದೇ.

## ಬೆಟ್ಟ, ಕಣಿವೆ, ಬಯಲು

ಎಷ್ಟು ಎತ್ತರ ದಾಟಿದ್ರೆ ಹಿಲ್ ಹೋಗಿ ಮೌಂಟನ್ ಆಗುತ್ತೆ?

ಎಲ್ಲರೂ ಒಪ್ಪಿದ ಅಳತೆ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2000ದ ಒಂದು ಕಾನೂನು ಸಮುದ್ರ ಮಟ್ಟದಿಂದ 600 ಮೀಟರ್‌ಗಿಂತ ಎತ್ತರದ ನೆಲವನ್ನು ಮೌಂಟನ್ ಎಂದು ಲೆಕ್ಕ ಹಿಡಿಯುತ್ತದೆ. ಅಮೆರಿಕದಲ್ಲಿ ಅಂಥ ಅಧಿಕೃತ ಗೆರೆ ಇಲ್ಲ. ಬರೆಯುವವರಿಗೆ ಎತ್ತರಕ್ಕಿಂತ ಆಕಾರ ಮುಖ್ಯ. ತಲೆ ಗುಂಡಗೆ, ಇಳಿಜಾರು ಮೆತ್ತಗೆ ಇದ್ದರೆ ಹಿಲ್. ಕಡಿದು, ಬಂಡೆ ಎದ್ದು, ತುದಿ ಚೂಪಾಗಿದ್ದರೆ ಮೌಂಟನ್. ತುದಿಗೆ ಸಮಿಟ್, ಚೂಪು ತುದಿಗೆ ಪೀಕ್, ಎರಡು ಇಳಿಜಾರು ಸೇರುವ ಉದ್ದನೆಯ ನೆತ್ತಿಸಾಲಿಗೆ ರಿಜ್. ನೆತ್ತಿ ಚಪ್ಪಟೆಯಾಗಿ ವಿಶಾಲವಾಗಿದ್ದರೆ ಪ್ಲಾಟೋ. ಅದೇ ಚಿಕ್ಕದಾಗಿ ಸುತ್ತಲೂ ಕಡಿದಾಗಿದ್ದರೆ ಮೇಸಾ. ಸ್ಪ್ಯಾನಿಷ್‌ನಲ್ಲಿ ಮೇಸಾ ಎಂದರೆ ಮೇಜು.

ವ್ಯಾಲಿ, ಗಾರ್ಜ್, ರವೀನ್, ಕ್ಯಾನ್ಯನ್ ಎಲ್ಲಾ ಕಣಿವೆನೇ ಅಲ್ವಾ?

ಹೌದು, ಆದರೆ ಒಳಗೆ ನಿಂತವರಿಗೆ ಸಿಗುವ ಅನುಭವ ಬೇರೆ ಬೇರೆ. ವ್ಯಾಲಿ ಅಗಲ. ಅಲ್ಲಿ ಹೊಲ, ಊರು, ದಾರಿ ಎಲ್ಲಕ್ಕೂ ಜಾಗ ಇರುತ್ತದೆ. ಗಾರ್ಜ್ ಕಿರಿದು, ಆಳ. ಎರಡೂ ಕಡೆ ಗೋಡೆಯಂಥ ಬಂಡೆ, ಕೆಳಗೆ ಸಾಮಾನ್ಯವಾಗಿ ನದಿ. ಕ್ಯಾನ್ಯನ್ ಕೂಡ ಹಾಗೇ ಕಡಿದು. ಆದರೆ ಈ ಪದ ಒಣ ಪ್ರದೇಶಗಳ ದೊಡ್ಡ ಕಂದರಗಳಿಗೆ ಹೆಚ್ಚು ಒಗ್ಗಿದೆ. ರವೀನ್ ಇವೆಲ್ಲಕ್ಕಿಂತ ಚಿಕ್ಕದು, ಮಳೆನೀರು ಕೊರೆದ ಕಡಿದಾದ ಕೊರಕಲು.

ಗ್ಲೆನ್ ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಕಣಿವೆ. ಡೇಲ್ ಉತ್ತರ ಇಂಗ್ಲೆಂಡಿನದು. ಇವನ್ನು ಬೇರೆ ದೇಶದ ಕಣಿವೆಗೆ ಹಚ್ಚಿದರೆ ಓದುಗರ ಮನಸ್ಸು ಸೀದಾ ಅಲ್ಲಿಗೇ ಹೋಗುತ್ತದೆ. ವೇಲ್ ಈಗ ಊರ ಹೆಸರುಗಳಲ್ಲಿ, ಕವಿತೆಗಳಲ್ಲಿ ಉಳಿದುಕೊಂಡಿದೆ.

ಬಯಲಿಗೆ ಯಾಕಿಷ್ಟೊಂದು ಹೆಸರು? ಒಂದನ್ನೇ ಎಲ್ಲಾ ಕಡೆ ಹಾಕಬಾರದಾ?

"ಪ್ಲೇನ್" ಎಲ್ಲ ಕಡೆ ನಡೆಯುತ್ತದೆ. ಉಳಿದವು ಒಂದೊಂದೂ ಒಂದೊಂದು ನೆಲದಿಂದ ಇಂಗ್ಲಿಷ್‌ಗೆ ಬಂದವು. ಉತ್ತರ ಅಮೆರಿಕದ ಹುಲ್ಲುಗಾವಲಿಗೆ ಪ್ರೇರಿ, ಇದು ಫ್ರೆಂಚ್‌ನಿಂದ ಬಂತು. ಪೂರ್ವ ಯುರೋಪ್, ಮಧ್ಯ ಏಷ್ಯಾದ ಮರವಿಲ್ಲದ ಒಣ ಹುಲ್ಲು ಬಯಲಿಗೆ ಸ್ಟೆಪ್, ಇದು ರಷ್ಯನ್‌ನಿಂದ. ಅಲ್ಲಲ್ಲಿ ಮರಗಳಿರುವ ಬಿಸಿ ನಾಡಿನ ಹುಲ್ಲುಗಾವಲು ಸವಾನಾ. ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿರುವ ಉತ್ತರ ಧ್ರುವದ ಕಡೆಯ ಮರವಿಲ್ಲದ ಬಯಲು ಟಂಡ್ರಾ. ಬ್ರಿಟನ್ನಿನ ಎತ್ತರದ, ಒದ್ದೆ ನೆಲದ, ಕುರುಚಲು ಗಿಡಗಳ ಬಯಲು ಮೂರ್.

ಮೆಡೋ ಮಾತ್ರ ಚಿಕ್ಕದು. ಹುಲ್ಲು, ಹೂವು ಬೆಳೆದ ಬಯಲು, ಹೆಚ್ಚಾಗಿ ಮೇವಿನ ಹುಲ್ಲು ಕೊಯ್ಯಲು ಬಿಟ್ಟದ್ದು. ದನ ಮೇಯಲು ಬಿಟ್ಟರೆ ಅದು ಪ್ಯಾಸ್ಚರ್.

ಫಾಗ್, ಮಿಸ್ಟ್, ಹೇಝ್ ಇವುಗಳಲ್ಲಿ ಮಂಜು ಯಾವುದು?

ಮೊದಲೆರಡೂ ಮಂಜೇ. ಹವಾಮಾನ ಶಾಸ್ತ್ರದ ಪ್ರಕಾರ 1 ಕಿಲೋಮೀಟರ್ ಆಚೆಗಿನದು ಕಾಣದಷ್ಟು ದಟ್ಟವಾಗಿದ್ದರೆ ಫಾಗ್, ಅದಕ್ಕಿಂತ ತೆಳುವಾಗಿದ್ದರೆ ಮಿಸ್ಟ್. ಹೇಝ್‌ನಲ್ಲಿ ನೀರಹನಿ ಅಲ್ಲ, ಧೂಳು ಹೊಗೆಯಂಥ ಒಣ ಕಣಗಳು. ಬೇಸಿಗೆ ಮಧ್ಯಾಹ್ನ ದೂರದ ಬೆಟ್ಟ ಮಸುಕಾಗಿ ಕಂಡರೆ ಅದು ಹೇಝ್. ಅದನ್ನು ಮಿಸ್ಟ್ ಎಂದು ಬರೆದರೆ ಇಡೀ ಚಿತ್ರ ತಂಪಾಗಿಬಿಡುತ್ತದೆ.

"ಬ್ಯೂಟಿಫುಲ್" ಬಿಟ್ಟು ಬೇರೇನು ಬರೆಯಲಿ? "ಬ್ರೆತ್‌ಟೇಕಿಂಗ್" ಚೆನ್ನಾಗಿದೆಯಾ?

ಎರಡೂ ನೋಡಿದವರ ಮನಸ್ಸಿನ ಬಗ್ಗೆ ಹೇಳುತ್ತವೆ, ನೆಲದ ಬಗ್ಗೆ ಹೇಳುವುದಿಲ್ಲ. ಅದಕ್ಕೇ ಓದುಗರಿಗೆ ಏನೂ ಕಾಣುವುದಿಲ್ಲ. ನೆಲ ಹೇಗಿದೆ ಎಂದು ಹೇಳುವ ಗುಣವಾಚಕಗಳು ಬೇಕಾದಷ್ಟಿವೆ. ಹಸಿರು ಕೊಬ್ಬಿ ಬೆಳೆದಿದ್ದರೆ ಲಶ್. ನೆಲ ಒರಟು, ಬಂಡೆ, ಏರುತಗ್ಗು ಇದ್ದರೆ ರಗ್ಡ್. ಅಲೆಯಲೆಯಾಗಿ ಮೆಲ್ಲಗೆ ಏರಿ ಇಳಿದರೆ ರೋಲಿಂಗ್. ಬಂಡೆ ನೇರ ಕೆಳಗಿಳಿದರೆ ಶಿಯರ್. ಗಾಳಿಗೆ ಅಡ್ಡವೇ ಇಲ್ಲದ ಬಯಲಿಗೆ ವಿಂಡ್‌ಸ್ವೆಪ್ಟ್.

ಬರಡು ನೆಲಕ್ಕಂತೂ ಇಂಗ್ಲಿಷ್ ತುಂಬ ಸೂಕ್ಷ್ಮ. ಏನೂ ಬೆಳೆಯದಿದ್ದರೆ ಬ್ಯಾರನ್. ಮಳೆಯೇ ಕಡಿಮೆ ಇದ್ದರೆ ಆರಿಡ್. ಬರಡುತನದ ಜೊತೆ ಚಳಿಯೂ ಮಂಕೂ ಕವಿದಿದ್ದರೆ ಬ್ಲೀಕ್. ಜನರ ಸುಳಿವೇ ಇಲ್ಲದೆ ಮನಸ್ಸು ಖಾಲಿ ಅನ್ನಿಸಿದರೆ ಡೆಸೊಲೆಟ್. ಈ ನಾಲ್ಕನ್ನು ಬೇರೆ ಬೇರೆಯಾಗಿ ಬಳಸಲು ಬಂದರೆ ಬರವಣಿಗೆ ಒಮ್ಮೆಗೇ ಮೇಲಾಗುತ್ತದೆ. ಮನುಷ್ಯರ ಕೈ ಸೋಕದ ಜಾಗಕ್ಕೆ ಪ್ರಿಸ್ಟೀನ್ ಎನ್ನುತ್ತಾರೆ. ಪಕ್ಕದಲ್ಲೇ ಹೋಟೆಲು, ರಸ್ತೆ ಇರುವಾಗ ಅದನ್ನು ಬಳಸಬೇಡಿ.

ನನ್ನ ಬರಹದಲ್ಲಿ ಪ್ರತಿ ಸಾಲಲ್ಲೂ "ಆರ್ ಸೀನ್" (are seen), "ಕ್ಯಾನ್ ಬಿ ಸೀನ್" (can be seen) ಬರುತ್ತೆ. ತಪ್ಪಿಸೋದು ಹೇಗೆ?

ಇದು ನನಗೆ ತುಂಬ ಮುಖ್ಯ ಅನ್ನಿಸುವ ಪ್ರಶ್ನೆ. ಕನ್ನಡದಲ್ಲಿ "ಬೆಟ್ಟ ಕಾಣುತ್ತದೆ, ಹೊಳೆ ಕಾಣುತ್ತದೆ" ಎನ್ನುವುದು ಸಹಜ. ಅದೇ ಕಟ್ಟನ್ನು ಇಂಗ್ಲಿಷ್‌ಗೆ ಹೊತ್ತುಕೊಂಡು ಹೋಗುತ್ತೇವೆ. ಇಂಗ್ಲಿಷ್ ಬರಹಗಾರರು ಇಲ್ಲಿ ನೆಲಕ್ಕೇ ಕೆಲಸ ಕೊಡುತ್ತಾರೆ. ಬೆಟ್ಟ "ರೈಸಸ್", ಬಯಲು "ಸ್ಟ್ರೆಚಸ್", ದಾರಿ "ವೈಂಡ್ಸ್", ಇಳಿಜಾರು ಹೊಳೆಯ ಕಡೆಗೆ "ಡ್ರಾಪ್ಸ್". ಬೆಟ್ಟದ ಬುಡದಲ್ಲಿ ಬೆಚ್ಚಗೆ ಕುಳಿತ ಹಳ್ಳಿ "ನೆಸಲ್ಸ್". ಮಂಜಿನಲ್ಲಿ ದೊಡ್ಡದಾಗಿ, ಕೊಂಚ ಭಯ ಹುಟ್ಟಿಸುವ ಹಾಗೆ ಎದ್ದು ಬರುವ ಬಂಡೆ "ಲೂಮ್ಸ್". ಅಲ್ಲೊಂದು ಇಲ್ಲೊಂದು ಇರುವ ಮನೆಗಳು ಬಯಲನ್ನು "ಡಾಟ್" ಮಾಡುತ್ತವೆ.

"ಓವರ್‌ಲುಕ್" ಕೂಡ ಕಲಿತುಕೊಳ್ಳಿ. ಕೆರೆಯ ಮೇಲ್ಗಡೆ ಇರುವ ಮನೆ ಕೆರೆಯನ್ನು ಓವರ್‌ಲುಕ್ ಮಾಡುತ್ತದೆ, ಅಂದರೆ ಅಲ್ಲಿಂದ ಕೆರೆ ಪೂರ್ತಿ ಕಾಣುತ್ತದೆ. ಅದೇ ಪದಕ್ಕೆ ಗಮನಿಸದೆ ಬಿಡು ಎಂಬ ಅರ್ಥವೂ ಇದೆ. ಕರ್ತೃ ಮನೆಯೋ ಮನುಷ್ಯನೋ ಎಂದು ನೋಡಿದರೆ ಸಾಮಾನ್ಯವಾಗಿ ಗೊಂದಲ ಬರುವುದಿಲ್ಲ. ಬರೆದದ್ದನ್ನು ಮತ್ತೆ ಓದಿ "ಸೀನ್" ಎಂಬ ಕ್ರಿಯಾಪದ ಇರುವ ಕಡೆಯೆಲ್ಲ ಗುರುತು ಹಾಕಿ. ಅಲ್ಲಿ ಆ ಬೆಟ್ಟ, ಆ ದಾರಿ ಏನು ಮಾಡುತ್ತಿದೆ ಎಂದು ಕೇಳಿಕೊಳ್ಳಿ.

## ರಂಗದ ಮೇಲೆ

ಬ್ಯಾಕ್‌ಡ್ರಾಪ್, ಬ್ಯಾಕ್‌ಗ್ರೌಂಡ್, ಸೆಟ್ – ಯಾವುದು ಯಾವುದು?

ಬ್ಯಾಕ್‌ಡ್ರಾಪ್ ನಿಜವಾದ ಬಟ್ಟೆ. ರಂಗದ ಹಿಂಭಾಗದಲ್ಲಿ ಮೇಲಿನಿಂದ ಇಳಿಬಿಟ್ಟ, ಚಿತ್ರ ಬರೆದ ದೊಡ್ಡ ಪರದೆ. ಮೇಲಿನಿಂದ ಇಳಿಯುವುದರಿಂದಲೇ ಹೆಸರಲ್ಲಿ "ಡ್ರಾಪ್" ಇದೆ. ಬ್ರಿಟಿಷರು ಇದಕ್ಕೆ ಬ್ಯಾಕ್‌ಕ್ಲಾತ್ ಎಂದೂ ಹೇಳುತ್ತಾರೆ. ಬ್ಯಾಕ್‌ಗ್ರೌಂಡ್ ವಸ್ತುವಲ್ಲ, ಚಿತ್ರದಲ್ಲೋ ನೋಟದಲ್ಲೋ ದೂರದ ಭಾಗ. ಹತ್ತಿರದ್ದು ಫೋರ್‌ಗ್ರೌಂಡ್, ನಡುವಿನದು ಮಿಡ್ಲ್ ಗ್ರೌಂಡ್. ಸೆಟ್ ಎಂದರೆ ಒಂದು ದೃಶ್ಯಕ್ಕೆ ರಂಗದ ಮೇಲೆ ಕಟ್ಟಿ ಜೋಡಿಸಿದ ಎಲ್ಲವೂ. ಸೆಟ್ಟಿಂಗ್ ಬೇರೆ. ಅದು ಕಥೆ ನಡೆಯುವ ಕಾಲ ಮತ್ತು ಜಾಗ. ಅದನ್ನು ಯಾರೂ ಮರದಲ್ಲಿ ಕಟ್ಟುವುದಿಲ್ಲ.

ಕಾಡಿನ ದೃಶ್ಯ ಅಂದ್ಕೊಳ್ಳಿ. ರಂಗದ ಮೇಲೆ ಯಾವ ತುಂಡಿಗೆ ಏನು ಹೆಸರು?

ಹಿಂದಿನಿಂದ ಮುಂದಕ್ಕೆ ಬರೋಣ. ಎಲ್ಲಕ್ಕೂ ಹಿಂದೆ ಆಕಾಶ. ಅದಕ್ಕೆ ಸೈಕ್ಲೋರಾಮಾ, ರಂಗದವರ ಬಾಯಲ್ಲಿ ಬರೀ ಸೈಕ್. ಎರಡೂ ಬದಿಗೆ ಬಾಗಿ ಬರುವ ತಿಳಿಬಣ್ಣದ ದೊಡ್ಡ ಬಟ್ಟೆ ಇದು. ಕೆಲವು ಕಡೆ ಗೋಡೆಯೇ ಇರುತ್ತದೆ. ಬೆಳಕಿನ ಬಣ್ಣ ಬದಲಿಸಿದರೆ ಅಲ್ಲೇ ಬೆಳಗೂ ಆಗುತ್ತದೆ, ರಾತ್ರಿಯೂ ಆಗುತ್ತದೆ. ಅದರ ಬುಡದಲ್ಲಿ ದೂರದ ಬೆಟ್ಟಸಾಲಿನ ಆಕಾರಕ್ಕೆ ಕತ್ತರಿಸಿದ ಗಿಡ್ಡ ಪಟ್ಟಿ ನಿಲ್ಲಿಸಿರುತ್ತಾರೆ. ಅದು ಗ್ರೌಂಡ್ ರೋ. ಸೈಕ್ ನೆಲಕ್ಕೆ ತಾಗುವ ಗೆರೆಯನ್ನೂ ಅಲ್ಲಿಟ್ಟ ದೀಪಗಳನ್ನೂ ಅದು ಮರೆಮಾಡುತ್ತದೆ.

ಮರಗಳನ್ನು ಬರೆದ ಚೌಕಟ್ಟುಗಳು ಫ್ಲಾಟ್. ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು ಬಣ್ಣ ಹಚ್ಚಿರುತ್ತಾರೆ. ಅವೇ ಎರಡು ಬದಿಗಳಲ್ಲಿ ಸಾಲಾಗಿ ನಿಂತರೆ ವಿಂಗ್ಸ್. ನಟರು ಕಾಯುತ್ತ ನಿಲ್ಲುವ ಬದಿಯ ಜಾಗಕ್ಕೂ ಅದೇ ಹೆಸರು. "ವೇಟಿಂಗ್ ಇನ್ ದ ವಿಂಗ್ಸ್" ಎಂಬ ನುಡಿಗಟ್ಟು ಬಂದದ್ದು ಅಲ್ಲಿಂದ. ಮೇಲೆ ಕೊಂಬೆ ಎಲೆಗಳ ಚಿತ್ರವಿರುವ ಗಿಡ್ಡ ಪರದೆ ಬಾರ್ಡರ್. ಅದು ಮೇಲಿನ ದೀಪ, ಹಗ್ಗಗಳನ್ನು ಮುಚ್ಚುತ್ತದೆ.

ನನಗೆ ತುಂಬ ಇಷ್ಟವಾದದ್ದು ಸ್ಕ್ರಿಮ್. ಬ್ರಿಟಿಷರಿಗೆ ಗಾಝ್. ಜಾಳಾದ ಬಟ್ಟೆ. ಮುಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಹಿಂದೆ ಕತ್ತಲಾಗಿಸಿದರೆ ಅದರ ಮೇಲಿನ ಚಿತ್ರ ಗಟ್ಟಿ ಗೋಡೆಯ ಹಾಗೆ ಕಾಣುತ್ತದೆ. ಮುಂದಿನ ಬೆಳಕು ಆರಿಸಿ ಹಿಂದೆ ಬೆಳಕು ಹೊತ್ತಿಸಿದರೆ ಬಟ್ಟೆಯೇ ಮಾಯವಾಗಿ ಹಿಂದಿರುವವರು ಕಾಣುತ್ತಾರೆ. ಕಾಡು ಕರಗಿ ಅರಮನೆ ಆಗುವುದು ಹೀಗೆ.

ರಂಗ ಸಮತಟ್ಟಾಗಿದ್ದರೂ "ಅಪ್‌ಸ್ಟೇಜ್", "ಡೌನ್‌ಸ್ಟೇಜ್" ಅಂತಾರಲ್ಲ?

ಹಿಂದೆ ಯುರೋಪಿನ ರಂಗಗಳು ಪ್ರೇಕ್ಷಕರ ಕಡೆಗೆ ಇಳಿಜಾರಾಗಿದ್ದವು. ಹಿಂಭಾಗ ನಿಜವಾಗಿಯೂ ಎತ್ತರ. ಆದ್ದರಿಂದ ಹಿಂದೆ ಹೋಗುವುದು ಅಪ್, ಮುಂದೆ ಬರುವುದು ಡೌನ್. ಎಡ ಬಲಗಳನ್ನು ಪ್ರೇಕ್ಷಕರ ಕಡೆ ಮುಖಮಾಡಿ ನಿಂತ ನಟರ ಲೆಕ್ಕದಲ್ಲಿ ಹೇಳುತ್ತಾರೆ. ಸ್ಟೇಜ್ ಲೆಫ್ಟ್ ಎಂದರೆ ಪ್ರೇಕ್ಷಕರಿಗೆ ಬಲಗಡೆ.

"ಅಗೇನ್‌ಸ್ಟ್ ದ ಬ್ಯಾಕ್‌ಡ್ರಾಪ್ ಆಫ್" ಅಂದ್ರೆ ವಿರುದ್ಧ ಅಂತಾನಾ?

ಇಲ್ಲ. ಇಲ್ಲಿ ಅಗೇನ್‌ಸ್ಟ್ ಎಂದರೆ ಹಿನ್ನೆಲೆಗೆ ಎದುರಾಗಿ ಎಂದಷ್ಟೇ. ಆಕಾಶದ ಎದುರು ಕಪ್ಪಾಗಿ ಕಾಣುವ ಮರ "ಅಗೇನ್‌ಸ್ಟ್ ದ ಸ್ಕೈ". ಯುದ್ಧದ ಹಿನ್ನೆಲೆಯಲ್ಲಿ ನಡೆಯುವ ಪ್ರೇಮಕಥೆಗೂ ಇದೇ ಮಾತು. ಬಳಸಿ ಬಳಸಿ ಸವೆದಿದೆ, ಒಂದು ಬರಹದಲ್ಲಿ ಒಮ್ಮೆ ಬಂದರೆ ಸಾಕು.

## ಇನ್ನೂ ಆಳಕ್ಕೆ

ನಿಸರ್ಗಕ್ಕೂ ನಾಟಕಕ್ಕೂ ಒಂದೇ ಪದ ಬಂದಿದ್ದು ಹೇಗೆ?

ಬೇರು ಗ್ರೀಕ್‌ನ "ಸ್ಕೀನೆ". ಅದರ ಅರ್ಥ ಡೇರೆ, ಗುಡಿಸಲು. ಬಯಲು ರಂಗದ ಹಿಂದೆ ನಟರು ವೇಷ ಬದಲಿಸಿಕೊಳ್ಳುತ್ತಿದ್ದ ಕಟ್ಟಡಕ್ಕೆ ಆ ಹೆಸರಾಯಿತು. ಆ ಕಟ್ಟಡದ ಮುಖವೇ ನಾಟಕದ ಹಿನ್ನೆಲೆ. ಅದಕ್ಕೆ ಚಿತ್ರ ಬರೆಸುವ ಪದ್ಧತಿಯನ್ನು ಅರಿಸ್ಟಾಟಲ್ ನಾಟಕಕಾರ ಸೋಫೋಕ್ಲಿಸನ ಹೆಸರಿಗೆ ಬರೆದಿದ್ದಾನೆ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಮೂರು ಬಗೆಯ ಹಿನ್ನೆಲೆ ಹೇಳುತ್ತಾನೆ: ದುರಂತ ನಾಟಕಕ್ಕೆ ಅರಮನೆಯ ಕಂಬಗಳು, ಹಾಸ್ಯ ನಾಟಕಕ್ಕೆ ಸಾಮಾನ್ಯ ಮನೆಗಳು, ಸ್ಯಾಟರ್ ಎಂಬ ಅರೆಮನುಷ್ಯ ವನಜೀವಿಗಳ ವಿನೋದದ ನಾಟಕಕ್ಕೆ ಮರ, ಗುಹೆ, ಬೆಟ್ಟ. 1545ರಲ್ಲಿ ಇಟಲಿಯ ವಾಸ್ತುಶಿಲ್ಪಿ ಸೆರ್ಲಿಯೋ ಈ ಮೂರನ್ನೂ ಚಿತ್ರ ಸಮೇತ ಅಚ್ಚು ಹಾಕಿಸಿದ. ನಿಸರ್ಗ ಹೀಗೆ ಯುರೋಪಿನ ರಂಗದ ಸಿದ್ಧ ಪರದೆಗಳಲ್ಲಿ ಒಂದಾಯಿತು.

1605ರಲ್ಲಿ ಲಂಡನ್ನಿನ ಅರಮನೆಯಲ್ಲಿ ವಾಸ್ತುಶಿಲ್ಪಿ ಇನಿಗೋ ಜೋನ್ಸ್ ಒಂದು ಆಸ್ಥಾನ ಪ್ರದರ್ಶನಕ್ಕೆ ರಂಗ ಸಜ್ಜು ಮಾಡಿದ. ಮೊದಲು ಕಂಡದ್ದು ಚಿಕ್ಕ ಕಾಡುಗಳನ್ನು ಬರೆದ ಪರದೆ. ಅದು ಕೆಳಗೆ ಬಿದ್ದಾಗ ಹಿಂದಿನಿಂದ ಕೃತಕ ಸಮುದ್ರ ಎದ್ದು ಬಂತು. ಪ್ರದರ್ಶನದ ಪಠ್ಯ ಬರೆದ ಬೆನ್ ಜಾನ್ಸನ್ ಆ ಪರದೆಗೆ ಬಳಸಿದ್ದು ಆಗಷ್ಟೇ ಡಚ್ಚಿನಿಂದ ಬಂದ ಲ್ಯಾಂಡ್‌ಸ್ಕೇಪ್ ಪದವನ್ನೇ. ಅಂದರೆ ಇಂಗ್ಲಿಷ್‌ನಲ್ಲಿ ಆ ಪದದ ಬಾಲ್ಯವೂ ರಂಗದ ಮೇಲೆಯೇ ಕಳೆಯಿತು.

ಸೀನರಿಯ ಕಥೆ 18ನೇ ಶತಮಾನದ ಕೊನೆಯದು. ಇಟಾಲಿಯನ್ ಮೂಲದ ಈ ಪದ ಮೊದಲು ರಂಗದ ಅಲಂಕಾರ. ಕೆಲವೇ ವರ್ಷಗಳಲ್ಲಿ ನಿಜವಾದ ಬೆಟ್ಟಗಳಿಗೂ ಅಂಟಿಕೊಂಡಿತು. ಅದೇ ಕಾಲದಲ್ಲಿ ಲೂಥರ್‌ಬರ್ಗ್ ಎಂಬ ಚಿತ್ರಕಾರ ಇಂಗ್ಲೆಂಡಿನ ಡರ್ಬಿಶೈರಿಗೆ ಹೋಗಿ ಅಲ್ಲಿನ ಬೆಟ್ಟ ಗುಹೆಗಳ ಚಿತ್ರ ಬರೆದು ತಂದ. 1779ರಲ್ಲಿ ಅವು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಪರದೆಗಳಾದವು. 1781ರಲ್ಲಿ ಅವನೇ ನಟರೇ ಇಲ್ಲದ ಪುಟ್ಟ ಯಾಂತ್ರಿಕ ರಂಗ ತೆರೆದ. ಬೆಳಕು, ಮೋಡ, ಗುಡುಗು, ಸಮುದ್ರ, ಇಷ್ಟೇ ನಾಟಕ. ಜನ ನಿಸರ್ಗವನ್ನು ರಂಗದಲ್ಲಿ ನೋಡಲು ಕಲಿತರು, ಹೊರಗೆ ಹೋದಾಗ ರಂಗದ ಪದವನ್ನೇ ಬಳಸಿದರು.

ಪನೋರಮಾ, ವಿಸ್ಟಾ, ಪ್ರಾಸ್ಪೆಕ್ಟ್ – ಮೂರೂ ದೊಡ್ಡ ನೋಟ ಅಂತಲೇ ಡಿಕ್ಷನರಿ ಹೇಳುತ್ತೆ. ನಿಜಾನಾ?

ಆಕಾರ ಬೇರೆ. ಪನೋರಮಾ ಸುತ್ತಲೂ ಹರಡಿದ ನೋಟ. ಐರ್ಲೆಂಡಿನಲ್ಲಿ ಹುಟ್ಟಿದ ಚಿತ್ರಕಾರ ರಾಬರ್ಟ್ ಬಾರ್ಕರ್ ದುಂಡು ಗೋಡೆಯ ಮೇಲೆ ಇಡೀ ನೋಟವನ್ನು ಬರೆಯುವ ವಿಧಾನಕ್ಕೆ 1787ರಲ್ಲಿ ಪೇಟೆಂಟ್ ಪಡೆದ. ಎಡಿನ್‌ಬರೋದ ಬೆಟ್ಟದ ಮೇಲಿನಿಂದ ಕಾಣುವ ನಗರ ಅವನ ಮೊದಲ ವಸ್ತು. ಪ್ರೇಕ್ಷಕರು ನಡುವೆ ನಿಂತು ಸುತ್ತ ತಿರುಗಿ ನೋಡಬೇಕು. ಅದಕ್ಕೆಂದೇ ಗ್ರೀಕ್ ಬೇರುಗಳಿಂದ ಕಟ್ಟಿದ ಪದ ಪನೋರಮಾ. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ಅದಕ್ಕೆಂದೇ ಕಟ್ಟಡ ಎದ್ದಿತು.

ವಿಸ್ಟಾ ಕಿರಿದು, ಉದ್ದ. ಎರಡು ಸಾಲು ಮರಗಳ ನಡುವೆ ದೂರಕ್ಕೆ ಹರಿಯುವ ನೋಟ. ಈಗ ಅದನ್ನು ವಿಶಾಲ ನೋಟಕ್ಕೂ ಬಳಸುತ್ತಾರೆ. ಆದರೂ ಹಳೆಯ ಅರ್ಥ ಗೊತ್ತಿದ್ದರೆ ಪದಕ್ಕೆ ಬೆಲೆ ಜಾಸ್ತಿ. ಪ್ರಾಸ್ಪೆಕ್ಟ್ ಎತ್ತರದಿಂದ ಮುಂದಕ್ಕೆ ಕಾಣುವ ನೋಟ. ಇಂದು ಅದರ ಮುಖ್ಯ ಅರ್ಥ ಮುಂದಿನ ಸಾಧ್ಯತೆ, ಹಾಗಾಗಿ ನಿಸರ್ಗಕ್ಕೆ ಬಳಸಿದರೆ ಹಳೆಯ ಕಾಲದ ಬರಹದಂತೆ ಕೇಳುತ್ತದೆ.

ಪಿಕ್ಚರೆಸ್ಕ್ ಅಂದ್ರೆ ಸುಂದರ, ಸಬ್ಲೈಮ್ ಅಂದ್ರೆ ತುಂಬಾ ಸುಂದರ. ಅಷ್ಟೇ ತಾನೇ?

ಅಷ್ಟೇ ಅಲ್ಲ. 1757ರಲ್ಲಿ ಚಿಂತಕ ಎಡ್ಮಂಡ್ ಬರ್ಕ್ ಬ್ಯೂಟಿಫುಲ್ ಬೇರೆ, ಸಬ್ಲೈಮ್ ಬೇರೆ ಎಂದು ವಾದಿಸಿದ. ನಯ, ಮೆದು, ಚಿಕ್ಕದು ಬ್ಯೂಟಿಫುಲ್. ಅಗಾಧ, ಕತ್ತಲು, ಭಯ ಬೆರೆತದ್ದು ಸಬ್ಲೈಮ್. ಸಿಡಿಲಿನ ಮಳೆ, ತಳ ಕಾಣದ ಪ್ರಪಾತ ಇವು ಸಬ್ಲೈಮ್. ಇವೆರಡರ ನಡುವೆ ಪಿಕ್ಚರೆಸ್ಕ್ ಬಂತು. ಇಂಗ್ಲೆಂಡಿನ ಪಾದ್ರಿ ವಿಲಿಯಮ್ ಗಿಲ್ಪಿನ್ 1782ರಲ್ಲಿ ಬ್ರಿಟನ್ನಿನ ವೈ ನದಿಯ ಬಗ್ಗೆ ಪ್ರಕಟಿಸಿದ ಪುಸ್ತಕ ಅದನ್ನು ಜನಪ್ರಿಯ ಮಾಡಿತು. ಚಿತ್ರಕ್ಕೆ ಒಪ್ಪುವ ಒರಟುತನ, ಮುರಿದ ಗೋಡೆ, ಬಾಗಿದ ಮರ ಇದರ ಲಕ್ಷಣ. ಆ ಕಾಲದ ಪ್ರವಾಸಿಗರು ಕ್ಲಾಡ್ ಗ್ಲಾಸ್ ಎಂಬ ಸಣ್ಣ, ಉಬ್ಬಿದ, ಕಪ್ಪು ಛಾಯೆಯ ಕನ್ನಡಿ ಹಿಡಿದು ಬೆಟ್ಟಕ್ಕೆ ಬೆನ್ನು ಮಾಡಿ ಕನ್ನಡಿಯಲ್ಲಿ ನೋಟ ನೋಡುತ್ತಿದ್ದರು. ಚಿತ್ರದ ಹಾಗೆ ಕಾಣಲಿ ಅನ್ನುವುದಕ್ಕೆ.

ಆದ್ದರಿಂದ ಹೊಳೆಯುವ ಹೊಸ ಉದ್ಯಾನಕ್ಕೆ ಪಿಕ್ಚರೆಸ್ಕ್ ಹೊಂದುವುದಿಲ್ಲ. ಪಾಚಿ ಹಿಡಿದ ಸೇತುವೆಗೆ ಹೊಂದುತ್ತದೆ.

ಒಂದೇ ಬೆಟ್ಟವನ್ನು ಕಥೆಗೂ ಬರೀಬೇಕು, ನಾಟಕದ ರಂಗಸೂಚನೆಗೂ ಬರೀಬೇಕು. ಪದಗಳು ಬದಲಾಗಬೇಕಾ?

ಖಂಡಿತ ಬದಲಾಗಬೇಕು. ಕಥೆಯಲ್ಲಿ ನೋಡುವವರು ನಡೆಯಬಹುದು. ಮೊದಲು ಬೆಟ್ಟ ದೂರದಲ್ಲಿ, ಆಮೇಲೆ ಬುಡದಲ್ಲಿ, ಆಮೇಲೆ ಕಾಲಡಿಯಲ್ಲಿ. ಅಲ್ಲಿ ರೈಸಸ್, ಲೂಮ್ಸ್, ವೈಂಡ್ಸ್ ಎಲ್ಲ ಕೆಲಸಕ್ಕೆ ಬರುತ್ತವೆ. ಪ್ರೇಕ್ಷಕರು ಮಾತ್ರ ಕುರ್ಚಿ ಬಿಟ್ಟು ಏಳುವುದಿಲ್ಲ. ರಂಗಸೂಚನೆಯಲ್ಲಿ "ಬ್ಲೀಕ್" ಎಂದು ಬರೆದರೆ ಪರದೆ ಬರೆಯುವವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಅಪ್‌ಸ್ಟೇಜ್‌ನಲ್ಲಿ ಬೆಟ್ಟದ ಸಾಲು, ಸ್ಟೇಜ್ ಲೆಫ್ಟ್‌ನಲ್ಲಿ ಎಲೆಯಿಲ್ಲದ ಒಂದು ಮರ, ಬೂದು ಆಕಾಶ" ಎಂದರೆ ತಿಳಿಯುತ್ತದೆ.

ಬಣ್ಣದ ವಿಷಯದಲ್ಲಿ ಇಬ್ಬರಿಗೂ ಒಂದೇ ಪದ ನೆರವಾಗುತ್ತದೆ: ಅಟ್ಮಾಸ್ಫಿಯರಿಕ್ ಪರ್‌ಸ್ಪೆಕ್ಟಿವ್. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ದೂರದ ಬೆಟ್ಟ ನೀಲಿಯಾಗಿ, ತೆಳುವಾಗಿ ಕಾಣುತ್ತದೆ. ಪರದೆ ಬರೆಯುವವರು ಹಿಂದಿನ ಸಾಲಿಗೆ ತೆಳು ನೀಲಿ ಹಚ್ಚಿ, ಮುಂದಿನ ಮರಗಳಿಗೆ ಗಾಢ ಬಣ್ಣ ಕೊಟ್ಟರೆ ಕೆಲವೇ ಅಡಿ ಆಳದ ರಂಗದಲ್ಲಿ ಹರದಾರಿಗಟ್ಟಲೆ ದೂರ ಕಾಣುತ್ತದೆ. ಕಥೆಯಲ್ಲಾದರೆ ಹತ್ತಿರದ ಇಳಿಜಾರಿಗೆ ಹುಲ್ಲು, ಕಲ್ಲು, ದಾರಿ ಎಂದು ಬಿಡಿಬಿಡಿಯಾಗಿ ಹೇಳಿ. ದೂರದ ಸಾಲಿಗೆ ಒಂದು ಬಣ್ಣ, ಒಂದು ಕ್ರಿಯಾಪದ ಸಾಕು.